ಬೀಗ ಹಾಕಿದ ವಿನೆಗರ್

"ಇನ್ನು ಮೇಲೆ ಈ ಮನೆಗೆ ಅಂಗಡಿಯಿಂದ ಒಂದೇ ಒಂದು ಬಾಟಲಿ ಬರಕೂಡದು!" ಎಂದು ಅವಳು ಘೋಷಿಸಿದಾಗ ಗಂಡ ಹಿತ್ತಲ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ.

"ಶಾಂಪೂ?"

"ಸೋಪು ನಾನೇ ಮಾಡ್ತೀನಿ. ತಲೆಗೂ ಅದೇ, ಮೈಗೂ ಅದೇ."

"ಫಿನಾಯಿಲ್?"

"ಯಾಕೆ ಬೇಕು? ವಿನೆಗರ್ ಇದ್ರೆ ಸಾಕು, ನೆಲ, ಕಿಟಕಿ, ಸಿಂಕು ಎಲ್ಲ ಫಳಫಳ ಅನ್ನತ್ತೆ."

"ವಿನೆಗರ್ ಬರೋದೂ ಬಾಟಲಿಯಲ್ಲೇ ಅಲ್ವಾ?"

"ಅದನ್ನೂ ನಾನೇ ಮಾಡ್ತೀನಿ!"

ಈ ಘೋಷಣೆಯ ಹಿಂದೆ ಭಾರೀ ತರ್ಕವೊಂದಿತ್ತು. ಗಂಡ ಮೋಟಾರ್ ವೈಂಡಿಂಗ್ ಮಾಡುವವನು. ಸುಟ್ಟುಹೋದ ಪಂಪು, ಫ್ಯಾನುಗಳ ಹೊಟ್ಟೆಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಬರಿಸುವವನು. ಎಂಟು ವರ್ಷ ತನ್ನದೇ ಹೊಟ್ಟೆ ಸುಟ್ಟುಕೊಂಡವನು, ಈಗ ಕುಡಿತ ಬಿಟ್ಟು ನಾಲ್ಕು ತಿಂಗಳಾಗಿತ್ತು. ದಿನಸಿ ಅಂಗಡಿಗೆ ಹೋಗಬೇಕೆಂದರೆ ಹಸಿರು ಬಾಗಿಲಿನ ಆ ಇನ್ನೊಂದು ಅಂಗಡಿಯನ್ನು ದಾಟಲೇಬೇಕು. ದಿನಸಿ ಅಂಗಡಿಯೇ ಬೇಡವೆಂದಾದರೆ ಹಸಿರು ಬಾಗಿಲೂ ಇಲ್ಲ! ಸಾಮ್ರಾಜ್ಯ ಕಟ್ಟಿದವರಿಗೂ ಇಷ್ಟು ಸ್ಪಷ್ಟವಾದ ಯೋಜನೆ ಹೊಳೆದಿರಲಾರದು.

"ಸಂಜೆ ಆರರಿಂದ ಎಂಟು ಕಷ್ಟದ ಹೊತ್ತು. ಆಗ ಕೈ ಖಾಲಿ ಇರಬಾರದು" ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳು ಅವನ ಕೈಯನ್ನು ಎಷ್ಟು ಭರ್ತಿ ಮಾಡಿದಳೆಂದರೆ, ಹಿತ್ತಲಲ್ಲಿ ಟೊಮೇಟೊ, ಹುರುಳಿಕಾಯಿ, ಸೊಪ್ಪು, ಜೊತೆಗೆ ಎರಡು ಕೋಳಿ ಎದ್ದು ನಿಂತವು. ನೀರು ದಂಡವಾಗಬಾರದೆಂದು ಅಡುಗೆಮನೆಯ ಸಿಂಕಿನ ಪೈಪನ್ನು ನೇರವಾಗಿ ಟೊಮೇಟೊ ಪಾತಿಗೇ ತಿರುಗಿಸಿದ್ದೂ ಆಯಿತು. ಮೊದಲ ಸಲ ಮಾಡಿದ ಬ್ರೆಡ್ಡು ಗಾಳಿಗೆ ಬಾಗಿಲು ಬಡಿಯದಂತೆ ತಡೆಯುವ ಕೆಲಸಕ್ಕೆ ಸೇರಿತು. ಮೊದಲ ಸೋಪಿನಲ್ಲಿ ಕೈ ತೊಳೆದ ಗಂಡ ಅಂಗೈ ನೋಡಿಕೊಂಡು, "ಗೆರೆಗಳೆಲ್ಲ ಅಳಿಸಿಹೋದ್ವು ಕಣೇ. ಇನ್ನು ನನ್ನ ಭವಿಷ್ಯ ನೀನೇ ಬರೀಬೇಕು" ಎಂದ.

ಅವಳು ನಕ್ಕಳು. ಬರೆಯುತ್ತಿದ್ದವಳು ಅವಳೇ ತಾನೇ!

ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ಒಂದು ಉರುಳೆ ತೂಗುಹಾಕಿತ್ತು, ತಂತಿ ಸುತ್ತುವ ಮರದ ಉರುಳೆ. ಕುಡಿಯದೆ ಕಳೆದ ದಿನಕ್ಕೊಂದರಂತೆ ಗಂಡ ಅದಕ್ಕೆ ತಾಮ್ರದ ತಂತಿಯ ಒಂದು ಸುತ್ತು ಹಾಕುತ್ತಿದ್ದ. ಅದಕ್ಕೂ ಮೊದಲು ಒಂದು ಪರೀಕ್ಷೆ. ಆರು ಗಂಟೆಗೆ ಬಂದವನು ಹೊಸ್ತಿಲಲ್ಲೇ ಚೀಲ ಕೆಳಗಿಟ್ಟು ಬಾಗಿ "ಹಾ" ಅನ್ನಬೇಕು. ಅವಳು ಕಣ್ಣು ಮುಚ್ಚಿ ಮೂಸಿ "ಸರಿ" ಅನ್ನಬೇಕು. ಆಮೇಲೆ ಸುತ್ತು. ಹೀಗೆ ಸುತ್ತುಗಳು ನೂರ ಎಂಬತ್ತು ದಾಟಿದ್ದವು. ಎಡವಿದರೆ ಎಲ್ಲವನ್ನೂ ಬಿಚ್ಚಿ ಒಂದರಿಂದ ಶುರು ಮಾಡಬೇಕು ಎಂಬುದು ಅವನೇ ಹಾಕಿಕೊಂಡ ನಿಯಮ.

ಅವಳು ಕಾಲೇಜಿನ ಲೈಬ್ರರಿಯಲ್ಲಿ ಗುಮಾಸ್ತೆ. ವಿನೆಗರ್ ಮಾಡುವ ವಿಧಾನವನ್ನು ಅಲ್ಲಿಯ ಪುಸ್ತಕವೊಂದರಲ್ಲಿ ಹುಡುಕಿ, ಆ ಪುಸ್ತಕವನ್ನು ಮನೆಗೂ ತಂದಳು. ಸೇಬಿನ ಸಿಪ್ಪೆ, ಸಕ್ಕರೆ, ನೀರು. ಬಾಟಲಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಗಾಳಿಯಾಡುವಂತೆ ತೆರೆದ ಜಾಗದಲ್ಲಿಡಿ.

ತೆರೆದ ಜಾಗದಲ್ಲೇ? ಈ ಮನೆಯಲ್ಲೇ?

ಎಂಟು ವರ್ಷದಿಂದ ಈ ಮನೆಯಲ್ಲಿ ಅವಳು ಯಾವುದನ್ನೂ ತೆರೆದಿಟ್ಟವಳಲ್ಲ. ಕೆಮ್ಮಿನ ಔಷಧಿಗೂ ಬೀಗ, ವಾರ್ನಿಷ್ ಡಬ್ಬಕ್ಕೂ ಬೀಗ. ಕಪಾಟಿನ ಬೀಗದ ಕೈ ದಾರದಲ್ಲಿ ಅವಳ ಕತ್ತಿನಲ್ಲೇ ತೂಗುತ್ತಿತ್ತು, ಸ್ನಾನಕ್ಕೆ ಹೋದರೂ. ಏಳು ಬಾಟಲಿಗಳಿಗೆ ಸಕ್ಕರೆಯನ್ನು ಒಂದು ಹಿಡಿ ಜಾಸ್ತಿಯೇ ಹಾಕಿ, ಮುಚ್ಚಳಗಳನ್ನು ಹಲ್ಲು ಕಚ್ಚಿ ತಿರುಗಿಸಿ, ಕಪಾಟಿನೊಳಗಿಟ್ಟು ಬೀಗ ಜಡಿದಳು. ಗಾಳಿ ಬೇಕಂತೆ ಗಾಳಿ!

ಮೂರು ವಾರ ಕಳೆಯಿತು. ಆಮೇಲೆ ಗಂಡ ಬದಲಾದ.

ಅಡುಗೆಮನೆಗೆ ಬರುವುದನ್ನೇ ಬಿಟ್ಟ. "ಹಾ" ಅಂದು, ಬಾಗಿಲಲ್ಲೇ ಕೈಚಾಚಿ ತಂತಿ ಸುತ್ತಿ, ತಟ್ಟೆ ಹಿಡಿದು ಹಿತ್ತಲಿಗೆ ಹೋಗಿಬಿಡುತ್ತಿದ್ದ. ಎಂಟು ಗಂಟೆಯವರೆಗೂ ಟೊಮೇಟೊ ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಒಂದು ದಿನವಲ್ಲ, ನಾಲ್ಕು ದಿನ!

ಅವಳಿಗೆ ಖಾತ್ರಿಯಾಯಿತು. ಟೊಮೇಟೊ ಪಾತಿಯಲ್ಲಿ ಏನೋ ಹೂತಿಟ್ಟಿದ್ದಾರೆ! ಐದನೆಯ ದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಮೊಣಕೈ ಆಳಕ್ಕೆ ಕೆದಕಿ ನೋಡಿದಳು. ಸಿಕ್ಕಿದ್ದು ಎರೆಹುಳ. ಅಷ್ಟಕ್ಕೇ ಸಮಾಧಾನವಾದೀತೇ? ಬಾಟಲಿ ಸಿಗದಿದ್ದರೆ, ಬಾಟಲಿಯನ್ನು ಇನ್ನೂ ಜಾಣತನದಿಂದ ಬಚ್ಚಿಟ್ಟಿದ್ದಾರೆ ಎಂದರ್ಥ!

ಅದೇ ದಿನ ಸಂಜೆ ನಾಲ್ಕೂಕಾಲಿಗೆ ಲೈಬ್ರರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು.

ಢಂ!

ಕಪಾಟಿನ ಬಾಗಿಲ ಸಂದಿಯಿಂದ ನೊರೆ ಇಳಿದು ಬರುತ್ತಿತ್ತು. ಕತ್ತಿನ ದಾರ ಎಳೆದು ಬೀಗ ತೆಗೆದಳು. ಏಳು ಬಾಟಲಿಗಳಲ್ಲಿ ಒಂದು ಚೂರುಚೂರು. ಅದಲ್ಲ ಅವಳನ್ನು ನಿಲ್ಲಿಸಿದ್ದು. ಆ ವಾಸನೆ. ಎಂಟು ವರ್ಷ ಅವನ ಹೆಜ್ಜೆಗಿಂತ ಮೊದಲು ಮೆಟ್ಟಿಲು ಹತ್ತಿ ಬರುತ್ತಿದ್ದ, ಹಾಸಿಗೆಯ ಹೊದಿಕೆಯಲ್ಲಿ, ಪರದೆಯಲ್ಲಿ, ಅವಳ ಕೂದಲಲ್ಲಿ ಕೂಡ ಉಳಿದುಬಿಡುತ್ತಿದ್ದ ಅದೇ ಹುಳಿ ವಾಸನೆ. ಅದನ್ನು ಯಾರೂ ಹೊರಗಿನಿಂದ ತಂದಿರಲಿಲ್ಲ. ಅವಳೇ ತಯಾರಿಸಿದ್ದಳು. ಬೀಗದ ಕೈ ಅವಳ ಕತ್ತಿನಲ್ಲೇ ಇತ್ತು.

ಇರಲಿ, ವಿನೆಗರ್ ವಾಸನೆಯೂ ಹೀಗೇ ಇರಬಹುದಲ್ಲ? ಜನ್ಮದಲ್ಲಿ ಒಂದು ಹನಿ ಕುಡಿದವಳಲ್ಲ, ಅವಳಿಗೇನು ಗೊತ್ತು! ಪರೀಕ್ಷಿಸಿಬಿಡೋಣವೆಂದು ಎರಡನೆಯ ಬಾಟಲಿಯ ಮುಚ್ಚಳ ತಿರುಗಿಸಿದಳು. ನೊರೆ ಚಾವಣಿಗೆ ಹಾರಿ, ಅಲ್ಲಿಂದ ಅವಳ ನೆತ್ತಿಗೆ ಇಳಿಯಿತು. ಉಳಿದದ್ದನ್ನು ಒಂದು ಗುಟುಕು ನೋಡಿದಳು. ಸಿಹಿ. ಸ್ವಲ್ಪ ಹುಳಿ. ತೀರ್ಮಾನಕ್ಕೆ ಬರಲಾಗಲಿಲ್ಲ. ಮೂರನೆಯದರಿಂದ ಎರಡು ಗುಟುಕು. ನಾಲ್ಕನೆಯದು ಬೇರೆ ಥರ ಅನ್ನಿಸಿತು, ಹಾಗಾಗಿ ಮೂರನೆಯದನ್ನು ಮತ್ತೊಮ್ಮೆ ಹೋಲಿಸಿ ನೋಡಬೇಕಾಯಿತು. ಲೈಬ್ರರಿಯವಳಲ್ಲವೇ, ಒಂದೇ ಆಕರವನ್ನು ನಂಬಿ ಕೂರುವವಳಲ್ಲ! ಏಳನೆಯದರ ಪರೀಕ್ಷೆ ಮುಗಿಸುವ ಹೊತ್ತಿಗೆ ಕಿವಿ ಬೆಚ್ಚಗಾಗಿ, ಕಪಾಟು ಸಣ್ಣಗೆ ಎಡಕ್ಕೆ ವಾಲಿ, ತೀರ್ಮಾನ ತಾನಾಗಿಯೇ ಬಂತು.

ಇದು ವಿನೆಗರ್ ಅಲ್ಲ!

ಗಂಟೆ ಐದೂಕಾಲು. ಆರಕ್ಕೆ ಅವನು ಬರುತ್ತಾನೆ. ಉರುಳೆಯಲ್ಲಿ ಈಗ ಇನ್ನೂರ ಹನ್ನೆರಡು ಸುತ್ತು! ಬಾಟಲಿಗಳಲ್ಲಿದ್ದುದನ್ನೆಲ್ಲ ಸಿಂಕಿಗೆ ಸುರಿದಳು. ಹಿತ್ತಲಲ್ಲಿ ಕೋಳಿಗಳು ಸಡಗರದಿಂದ ಕೊಕ್ಕರಿಸಿದಾಗಲೇ ಸಿಂಕಿನ ಪೈಪು ನೆನಪಾದದ್ದು. ಅವನು ದಿನವೂ ಹೋಗಿ ಕೂರುವ ಜಾಗಕ್ಕೇ, ಆ ಟೊಮೇಟೊ ಪಾತಿಗೇ, ಸರಳ ಜೀವನದ ಆ ಪೈಪು ಅಷ್ಟನ್ನೂ ಚೆನ್ನಾಗಿ ಹಾಯಿಸಿತ್ತು. ಓಡಿಹೋಗಿ ನೋಡಿದರೆ ಒಂದು ಕೋಳಿ ಗಿಡದ ಕೋಲಿಗೆ ಒರಗಿ ನಿಂತಿತ್ತು. ಇನ್ನೊಂದು ತನ್ನದೇ ಬಾಲದ ಹಿಂದೆ ಗಂಭೀರವಾಗಿ ಸುತ್ತುತ್ತಿತ್ತು.

"ಏನೇ ಇದು ವಾಸನೆ!"

ಬೇಲಿಯಾಚೆ ಅತ್ತಿಗೆ. ಗಂಡನ ಅಕ್ಕ. ಎರಡು ಮನೆ ಆಚೆ ವಾಸ, ಆದರೆ ಅವರ ಮೂಗು ಮಾತ್ರ ಸದಾ ಈ ಮನೆಯಲ್ಲೇ. ತಮ್ಮನು ಕುಡಿತ ಬಿಟ್ಟ ದಿನವೇ "ಎಷ್ಟು ದಿನವೋ ನೋಡೋಣ" ಎಂದು ಹೇಳಿ ಹೋದವರು, ಅಂದಿನಿಂದ ನೋಡುತ್ತಲೇ ಇದ್ದರು.

"ಏನಿಲ್ಲ ಅತ್ತಿಗೆ, ಗೊಬ್ಬರ..."

"ಗೊಬ್ಬರಾನಾ? ನನಗೇ ಹೇಳ್ತೀಯಾ?" ಗೇಟು ತೆಗೆದು ಒಳಗೇ ಬಂದರು. ನೆಲ ನೋಡಿದರು, ಚಾವಣಿ ನೋಡಿದರು, ಸಾಲಾಗಿ ನಿಂತ ಖಾಲಿ ಬಾಟಲಿಗಳನ್ನು ನೋಡಿದರು. ಅವರ ಮುಖ ಇಳಿದುಹೋಯಿತು. "ಶುರು ಹಚ್ಕೊಂಡ್ನಾ ಮತ್ತೆ? ನನಗೆ ಗೊತ್ತಿತ್ತು. ಆರು ಬಾಟಲಿ! ಅಯ್ಯೋ, ನನ್ನ ತಮ್ಮ..."

ಅವಳು ಸುಮ್ಮನಿದ್ದರೆ ಸಾಕಿತ್ತು, ತಪ್ಪು ತಾನಾಗಿಯೇ ಹೋಗಿ ಅವನ ಹೆಗಲೇರುತ್ತಿತ್ತು. ಎಂಟು ವರ್ಷ ಈ ಮನೆಯಲ್ಲಿ ಎಲ್ಲ ತಪ್ಪೂ ಹಾಗೆಯೇ ಹೋಗಿ ಅಲ್ಲೇ ಕೂರುತ್ತಿತ್ತು. ಬಾಗಿಲ ಪಕ್ಕದ ಉರುಳೆ ಕಣ್ಣಿಗೆ ಬಿತ್ತು.

"ಅವರಲ್ಲ ಅತ್ತಿಗೆ!" ಎಂದಳು. "ಕುಡಿದಿದ್ದು ನಾನು!"

"ಏನಂದೆ?"

"ನಾನೇ ಮಾಡಿದ್ದು. ನಾನೇ ಕುಡಿದಿದ್ದು." ಜೊತೆಗೊಂದು ಬಿಕ್ಕಳಿಕೆ ತಾನಾಗಿ ಬಂದು ಸಾಕ್ಷಿ ಹೇಳಿತು.

ಅತ್ತಿಗೆ ಬಾಗಿಲಿಗೆ ಒತ್ತಿಟ್ಟಿದ್ದ ಬ್ರೆಡ್ಡಿನ ಮೇಲೆ ಕುಸಿದು ಕೂತರು. ಬ್ರೆಡ್ಡು ಅಲುಗಲಿಲ್ಲ.

ಗಂಟೆ ಆರಾಯಿತು. ಅವನು ಬರಲಿಲ್ಲ. ಆರೂ ಐದು. ಆರೂ ಹತ್ತು. ಹಸಿರು ಬಾಗಿಲು ಅವಳ ಕಣ್ಣ ಮುಂದೆ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಆರೂ ಹನ್ನೆರಡಕ್ಕೆ ಗೇಟಿನ ಸದ್ದು. ಅವನು ಹೊಸ್ತಿಲಲ್ಲಿ ಚೀಲ ಕೆಳಗಿಟ್ಟ, ಎಂದಿನಂತೆ ಬಾಗಿದ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಹಿಂದೆ ಸರಿದಳು. "ಬೇಡ ರೀ. ಇವತ್ತು ಬೇಡ."

ಅವನು ಚಾವಣಿ ನೋಡಿದ. ಬ್ರೆಡ್ಡಿನ ಮೇಲಿದ್ದ ಅಕ್ಕನನ್ನು ನೋಡಿದ. "ಒಡೆದೇ ಹೋಯ್ತಾ?"

"ನಿಮಗೆ... ಗೊತ್ತಿತ್ತಾ?"

"ನಾಲ್ಕು ದಿನದಿಂದ. ಈ ಮೂಗಿಗೆ ನಿನ್ನ ಬೀಗ ಯಾವ ಲೆಕ್ಕ?"

"ಮತ್ತೆ ನನಗೆ ಹೇಳೋದಲ್ವಾ!"

"ಹೇಳಿದ್ರೆ ಮೊದಲು ನೀನು ಏನು ಕೇಳ್ತಿದ್ದೆ?"

ಅವಳು ಯೋಚಿಸಿದಳು. ನಿಮಗೆ ಹೇಗೆ ಗೊತ್ತಾಯ್ತು, ಕಪಾಟಿನ ಹತ್ತಿರ ಯಾಕೆ ಹೋಗಿದ್ರಿ ಎಂದೇ ಕೇಳುತ್ತಿದ್ದಳು.

"ಮೊದಲನೇ ದಿನ ಕಷ್ಟ ಆಯ್ತು" ಎಂದ ಅವನು, ಅಕ್ಕನ ಕಡೆ ನೋಡದೆ. "ಬೀಗ ಎರಡು ಸಲ ಮುಟ್ಟಿ ನೋಡಿದೆ. ಆಮೇಲೆ ಟೊಮೇಟೊ ಹತ್ತಿರ ಹೋಗಿ ಕೂತೆ. ಅಲ್ಲಿ ವಾಸನೆ ಬರ್ತಿರಲಿಲ್ಲ."

ಈಗ ಅಲ್ಲಿಗೂ ಬಂದಿದೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಕೋಳಿಯೊಂದು ಒಳಗೆ ಬಂದು, ಮೇಜಿನ ಕಾಲಿಗೆ ಢಿಕ್ಕಿ ಹೊಡೆದು, ಆ ಸುದ್ದಿಯನ್ನು ತಾನೇ ಮುಟ್ಟಿಸಿತು.

"ಮತ್ತೆ ಇವತ್ತು ಯಾಕೆ ತಡ?" ಅವಳು ಕೇಳಿಯೇಬಿಟ್ಟಳು.

ಅವನು ಚೀಲಕ್ಕೆ ಕೈಹಾಕಿ ತೆಗೆದ. ತೆಳು ಹತ್ತಿ ಬಟ್ಟೆಯ ಏಳು ತುಂಡುಗಳು, ದುಂಡಗೆ ಕತ್ತರಿಸಿದ್ದವು. ಜೊತೆಗೆ ಕಟ್ಟಲು ವೈಂಡಿಂಗಿನ ದಾರ. "ಬಾಯಿಗೆ ಬಟ್ಟೆ ಕಟ್ಟಿ ಗಾಳಿಗೆ ಬಿಡಬೇಕು. ನಿನ್ನ ಪುಸ್ತಕದಲ್ಲೇ ಇದೆ, ನಲವತ್ತೆರಡನೇ ಪುಟ. ಇವತ್ತು ಹೇಳಿಬಿಡೋಣ ಅಂತ ಕತ್ತರಿಸ್ತಾ ಕೂತಿದ್ದೆ."

ಅತ್ತಿಗೆ ಎದ್ದು ಬಂದು ತಮ್ಮನ ಬಾಯಿಯ ಹತ್ತಿರ ಮೂಗು ಒಡ್ಡಿದರು. ಅವನು "ಹಾ" ಅಂದ. "ಸರಿ ಇದ್ದಾನೆ" ಎಂದರು. ಅವರ ಕಣ್ಣು ತುಂಬಿದ್ದನ್ನು ಯಾರೂ ನೋಡದಂತೆ ತಿರುಗಿಕೊಂಡು, "ಹೋಗಿ ಹೋಗಿ ಇವಳು!" ಎಂದು ಸೇರಿಸಿದರು.

ಅವನು ತಂತಿಯನ್ನು ಒಂದು ಸುತ್ತು ಹಾಕಿದ. ಇನ್ನೂರ ಹದಿಮೂರು. ಆಮೇಲೆ ಚೀಲದಿಂದ ಒಂದು ಖಾಲಿ ಉರುಳೆ ತೆಗೆದು, ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೆದು ತೂಗುಹಾಕಿದ.

"ಅದ್ಯಾರಿಗೆ ರೀ?"

"ನಿನಗೆ. ನಾಳೆ ಸಂಜೆ ಆರಕ್ಕೆ 'ಹಾ' ಅನ್ನು. ಸರಿ ಇದ್ರೆ ಒಂದನೇ ಸುತ್ತು."

ಅವಳು ಕತ್ತಿನಿಂದ ಬೀಗದ ಕೈ ತೆಗೆದಳು. ಎಲ್ಲಿಡುವುದೆಂದು ತೋಚದೆ, ಕೊನೆಗೆ ಆ ಖಾಲಿ ಉರುಳೆಗೇ ಸಿಕ್ಕಿಸಿದಳು.

"ಅಲ್ಲಿಯವರೆಗೆ?" ಎಂದಳು.

ಅವನು ಮೂಲೆಯಲ್ಲಿದ್ದ ಉದ್ದ ಕೋಲಿನ ಒರೆಸುವ ಬಟ್ಟೆಯನ್ನು ಅವಳ ಕೈಗೆ ಕೊಟ್ಟು ಚಾವಣಿ ತೋರಿಸಿದ.

"ಈಗ ಆರೂವರೆ. ಎಂಟರ ತನಕ ಕಷ್ಟದ ಹೊತ್ತು, ಕೈ ಖಾಲಿ ಇರಬಾರದು. ಚೆನ್ನಾಗಿ ಒರೆಸು, ಫಳಫಳ ಅನ್ನಲಿ. ವಿನೆಗರ್ ಬೇಕಾ?"