ನನ್ನ ಕಚೇರಿ ಬಿಟ್ಟು ಊಟದ ಮನೆ ಸೇರಿದ ಕುರ್ಚಿಯವರಿಗೆ

ಮಾನ್ಯ ಕುರ್ಚಿಯವರೇ,

ಐದು ಪಾದ, ಎರಡು ತೋಳು, ನೆಟ್ಟಗಿನ ಬೆನ್ನು ಎಲ್ಲವೂ ಇದ್ದು, ತಲೆಯೊಂದು ಮಾತ್ರ ಇಲ್ಲದ ಕಾರಣ ಯಾವ ಚಿಂತೆಯೂ ಇಲ್ಲದೆ ನಮ್ಮ ಊಟದ ಮೇಜಿನ ತುದಿಯಲ್ಲಿ ವಿರಾಜಮಾನರಾಗಿರುವ ತಮಗೆ, ಅಲ್ಲಿಂದ ಕೂಗಳತೆಯಲ್ಲಿ, ಪುಸ್ತಕದ ಬೀರುವಿನ ಮರೆಯಲ್ಲಿ, ಬಚ್ಚಲುಮನೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮುದುಡಿ ಕೂತಿರುವ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವುದು ಇಲ್ಲಿಂದಲೇ ಕಾಣುತ್ತಿದೆ. ನನ್ನ ಕ್ಷೇಮ ವಿಚಾರಿಸುವ ಪೈಕಿ ತಾವಲ್ಲವಾದ್ದರಿಂದ ನಾನೇ ತಿಳಿಸುತ್ತೇನೆ: ಸೊಂಟ ಹಿಡಿದುಕೊಂಡಿದೆ.

ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ, ದೂರು ಬರೆದು ನನಗೆ ಅಭ್ಯಾಸವಿಲ್ಲ. ದೂರಿಗೆ ಉತ್ತರ ಬರೆಯುವುದು ನನ್ನ ಕಸುಬು. ನೀರು ಶುದ್ಧ ಮಾಡುವ ಯಂತ್ರಗಳ ಕಂಪನಿಯೊಂದಕ್ಕೆ ಗಿರಾಕಿಗಳು ಕಳಿಸುವ ಬೈಗುಳಗಳನ್ನೆಲ್ಲ ತಾಳ್ಮೆಯಿಂದ ಓದಿ, ‘ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ಶುರುಮಾಡಿ, ‘ಪರಿಶೀಲಿಸಲಾಗಿ ಯಂತ್ರದಲ್ಲಿ ಯಾವ ದೋಷವೂ ಕಂಡುಬಂದಿಲ್ಲ, ದೋಷವಿರುವುದು ಬಳಸುವವರಲ್ಲಿ’ ಎಂದು ನಯವಾಗಿ ಮುಗಿಸುವುದರಲ್ಲಿ ನನ್ನ ಕೈ ಎಷ್ಟು ಪಳಗಿದೆಯೆಂದರೆ, ಒಮ್ಮೆ ನನ್ನಾಕೆ ಬೇಳೆ ಬೆಂದಿಲ್ಲವೇ ಎಂದು ಕೇಳಿದಾಗಲೂ ವಿಷಾದಿಸುತ್ತೇವೆ ಎಂದುಬಿಟ್ಟು ಒಂದು ಹೊತ್ತು ಮಾತಿಲ್ಲದೆ ಉಂಡಿದ್ದೇನೆ. ಅಂಥವನೇ ಇಂದು ಬೇಲಿಯ ಆಚೆ ಬದಿಗೆ ಬಂದು ನಿಂತಿದ್ದೇನೆಂದರೆ, ತಾವು ನನಗೆ ಎಷ್ಟು ಉಪಕಾರ ಮಾಡಿದ್ದೀರಿ ಎಂಬುದನ್ನು ತಾವೇ ಊಹಿಸಬೇಕು.

ತಮ್ಮ ಆಗಮನಕ್ಕೆ ಮುನ್ನ ನಾನು ಇದೇ ಊಟದ ಮೇಜಿನ ಮೇಲೆ ಕೆಲಸ ಮಾಡುತ್ತಿದ್ದೆ. ಆ ತುದಿಯಲ್ಲಿ ನನ್ನಾಕೆ ತರಕಾರಿ ಹೆಚ್ಚುವಳು, ಈ ತುದಿಯಲ್ಲಿ ನಾನು ವಿಷಾದಿಸುವೆ. ಕೆಲಸವೂ ಆಗುತ್ತಿತ್ತು, ಹರಟೆಯೂ ಆಗುತ್ತಿತ್ತು. ಇಷ್ಟು ಚೆನ್ನಾಗಿ ನಡೆಯುತ್ತಿರುವ ಏರ್ಪಾಡನ್ನು ಕೆಡಿಸದೆ ಇದ್ದರೆ ನಾನು ಓದಿದವನು ಎನ್ನಿಸಿಕೊಳ್ಳುವುದಾದರೂ ಹೇಗೆ? ಮನೆಯಿಂದ ಕೆಲಸ ಮಾಡುವವನಿಗೆ ಮನೆಯೊಳಗೊಂದು ಕಚೇರಿ ಇರಬೇಕು, ಮೊಣಕೈ ಇಷ್ಟೇ ಬಾಗಿರಬೇಕು, ಬೆಳಕು ಎಡಗಡೆಯಿಂದಲೇ ಬರಬೇಕು, ಗೋಡೆಯ ಬಣ್ಣ ಮನಸ್ಸನ್ನು ತಣ್ಣಗಿಡಬೇಕು ಎಂದೆಲ್ಲ ಯಾರೋ ಪುಣ್ಯಾತ್ಮರು ಬರೆದದ್ದನ್ನು ಕೆಲಸದ ವೇಳೆಯಲ್ಲೇ ಕದ್ದು ಓದಿ, ಹಜಾರದ ಕಿಟಕಿ ಪಕ್ಕದ ಮೂಲೆಗೆ ಬೀರುವನ್ನು ಅಡ್ಡವಿಟ್ಟು, ಚೌಕಳಿ ಕಾಗದದ ಮೇಲೆ ನಕ್ಷೆ ಬರೆದೆ. ನಕ್ಷೆಯಲ್ಲಿ ನಾನು ಬಹಳ ತೆಳ್ಳಗಿದ್ದೆ.

ಮೇಜು ಬಂತು. ಕಿಟಕಿಗೆ ಮುಖಮಾಡಿ ಇಟ್ಟಾಗ ಎದುರು ಮನೆಯ ತಾರಸಿಯ ಮೇಲಿನ ಬೆಕ್ಕಿನ ಸಂಸಾರದ ಆಗುಹೋಗುಗಳೆಲ್ಲ ನನಗೆ ಬಾಯಿಪಾಠವಾದವೇ ಹೊರತು ಒಂದು ದೂರೂ ತೀರಲಿಲ್ಲ. ಗೋಡೆಗೆ ಮುಖಮಾಡಿಸಿದೆ, ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗಾಯಿತು. ಕಿಟಕಿಗೆ ಬೆನ್ನು ಹಾಕಿಸಿದೆ. ಕಂಪ್ಯೂಟರಿನ ಪರದೆಯಲ್ಲಿ ಗಿರಾಕಿಯ ಪತ್ರದ ಬದಲು ಕಿಟಕಿಯ ಸರಳುಗಳೂ ಅವುಗಳ ನಡುವೆ ನನ್ನ ಬೋಳುತಲೆಯೂ ಕಂಡವು. ವೈರುಗಳನ್ನೆಲ್ಲ ಮರೆಮಾಡುವ ಪೆಟ್ಟಿಗೆಯೊಂದನ್ನು ತಂದು ಎಷ್ಟು ಅಚ್ಚುಕಟ್ಟಾಗಿ ಮರೆಮಾಡಿದೆನೆಂದರೆ ಯಾವುದು ಯಾವುದರದ್ದೆಂದು ನನಗೇ ತಿಳಿಯದೆ, ದೀಪ ಆರಿಸಲು ಹೋಗಿ ಕಂಪ್ಯೂಟರನ್ನೇ ಆರಿಸುವ ಸೌಕರ್ಯ ಒದಗಿತು. ಕಣ್ಣಿಗೆ ತಂಪೆಂದು ಇಟ್ಟ ಗಿಡ ನನ್ನ ಕೆಲಸದ ರೀತಿಯನ್ನು ನೋಡಿ ನೋಡಿ ಬಾಡಿತು. ಮೇಜು ಸುತ್ತುವಾಗಲೆಲ್ಲ ಒಂದು ಕಡೆ ಹಿಡಿದುಕೊಂಡ ನನ್ನಾಕೆ, ಮದುವೆಯಾದಾಗಿನಿಂದ ತನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗದವರು ಮೇಜಿಗೆ ಮಾತ್ರ ಇಷ್ಟೊಂದು ಪ್ರವಾಸ ಮಾಡಿಸುತ್ತಿದ್ದಾರಲ್ಲ ಎಂದು ಮೆಚ್ಚುಗೆ ಸೂಚಿಸಿದಳು.

ಕಡೆಗೆ ತಾವು ದಯಮಾಡಿಸಿದಿರಿ. ಆಹಾ, ಆ ಬಲೆಯಂಥ ಬೆನ್ನೇನು, ಕುತ್ತಿಗೆಗೆ ದಿಂಬೇನು, ಆಸನದ ಬಲಗಡೆ ಎತ್ತಿದರೆ ಏರಿಳಿಯುವ ಹಿಡಿಯೇನು! ಕುರ್ಚಿ ಹೋದವರ ಗೋಳನ್ನು ಪತ್ರಿಕೆಯಲ್ಲಿ ಓದಿ ನಗುತ್ತಿದ್ದ ನಾನು, ಅದು ಸಿಕ್ಕಾಗ ಮನುಷ್ಯನಿಗೆ ಏನಾಗುತ್ತದೆಂಬುದನ್ನು ಅಂದು ಕಂಡುಕೊಂಡೆ. ತಮ್ಮ ಮೇಲೆ ಕೂತು ನಾನು ಮಾಡಿದ ಮೊದಲ ಕೆಲಸ ನಿದ್ದೆ. ಅಷ್ಟು ಒಳ್ಳೆಯ ನಿದ್ದೆ ನನ್ನ ಹಾಸಿಗೆಯಲ್ಲೂ ಬಂದಿದ್ದಿಲ್ಲ, ಅದಕ್ಕಾಗಿ ಈಗಲೂ ಆಭಾರಿ.

ಆಮೇಲೆ ತಾವು ನನ್ನ ಮಾನ ಕಳೆಯಲು ಆರಂಭಿಸಿದಿರಿ. ನನ್ನ ಮೇಲಧಿಕಾರಿಗೆ ಜಗತ್ತಿನ ಸಕಲವೂ ತುರ್ತಾದ್ದರಿಂದ ನಾವು ಅವರನ್ನು ಬೆನ್ನ ಹಿಂದೆ ತುರ್ತಪ್ಪ ಎನ್ನುತ್ತೇವೆ. ಅವರು ವಿಡಿಯೊ ಮೀಟಿಂಗಿನಲ್ಲಿ ಎಲ್ಲರೆದುರು ನನ್ನ ಬಾಕಿ ಪತ್ರಗಳ ವಿಷಯ ಎತ್ತಿದಾಗಲೆಲ್ಲ, ನಾನು ಗಂಭೀರವಾಗಿ ಯೋಚಿಸುವ ಮುಖ ಮಾಡುತ್ತಿದ್ದಂತೆ, ತಾವು ಸದ್ದಿಲ್ಲದೆ ಇಳಿಯತೊಡಗುತ್ತಿದ್ದಿರಿ. ಮೊದಲು ಗದ್ದ, ಆಮೇಲೆ ಮೂಗು, ಕೊನೆಗೆ ಕನ್ನಡಕ ಮುಳುಗಿ, ಪರದೆಯ ಮೇಲೆ ಹಿಂದಿನ ಬೀರುವೂ ಅದರಾಚೆ ಒಣಗಲು ಹಾಕಿದ ನನ್ನ ಬನಿಯನ್ನೂ ಉಳಿಯುತ್ತಿದ್ದವು. “ಎಲ್ಲಿಗ್ರೀ ಹೋಗ್ತಿದ್ದೀರಿ?” ಎಂದು ತುರ್ತಪ್ಪ ಕೇಳಿದರು. 

ತಮ್ಮನ್ನು ಮಗುಚಿದೆ, ಎಣ್ಣೆ ಬಿಟ್ಟೆ, ಮಾರಿದವರಿಗೆ ಫೋನು ಮಾಡಿ ನಾನು ಪ್ರತಿದಿನ ಕೇಳಿಸಿಕೊಳ್ಳುವ ಮಾತುಗಳನ್ನೆಲ್ಲ ಅವರಿಗೆ ಕೇಳಿಸಿದೆ. ಅವರು ವಿಷಾದಿಸಿದರು. ಕಡೆಗೊಂದು ದಿನ ನಾನು ಮೀಟಿಂಗಿನಲ್ಲಿ ಮುಳುಗುತ್ತಿದ್ದಾಗ ಕಸ ಗುಡಿಸುತ್ತ ಮೇಜಿನ ಕೆಳಗೆ ಬಗ್ಗಿದ ನನ್ನಾಕೆ, ಪೊರಕೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ, “ಅದು ಇಳೀತಿಲ್ಲ ರೀ, ನೀವೇ ಇಳಿಸ್ಕೋತಿದ್ದೀರಿ” ಎಂದಳು. ಯೋಚಿಸುವ ಮುಖ ಮಾಡುವಾಗ ಬಲಗಾಲನ್ನು ಮಡಚಿ ಆಸನದಡಿಗೆ ತೂರಿಸುವುದು ನನ್ನ ಹುಟ್ಟುಗುಣವಂತೆ. ಆ ಕಾಲಿನ ಹೆಬ್ಬೆರಳು ತಮ್ಮ ಹಿಡಿಗೆ ಸಿಕ್ಕಿ ಅದನ್ನು ಮೇಲಕ್ಕೆತ್ತುತ್ತಿತ್ತಂತೆ. ಹಿಡಿ ಎತ್ತಿದಾಗ ಮೇಲೆ ಭಾರವಿದ್ದರೆ ತಾವು ಇಳಿಯುತ್ತೀರಿ, ಹಗುರವಿದ್ದರೆ ಏರುತ್ತೀರಿ. ನಾನು ಯಾವ ಜಾತಿಯವನೆಂದು ಹೇಳಬೇಕಾಗಿಲ್ಲ.

ಇಷ್ಟಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನನ್ನ ನಿಜವಾದ ದೂರು ಇರುವುದು ನಮ್ಮಪ್ಪನ ವಿಷಯದಲ್ಲಿ ತಾವು ನಡೆದುಕೊಂಡ ರೀತಿಯ ಬಗ್ಗೆ.

ನಮ್ಮಪ್ಪನದು ಕ್ಷೌರದಂಗಡಿ. ಬೆಳಗ್ಗೆ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ನಿಂತೇ ಇರುತ್ತಿದ್ದ ಮನುಷ್ಯ ಅವರು. ಅಂಗಡಿಯಲ್ಲಿದ್ದದ್ದು ಏರಿಸಿ ಇಳಿಸಿ ತಿರುಗಿಸುವ ಒಂದೇ ಒಂದು ದೊಡ್ಡ ಕುರ್ಚಿ; ಊರಿನ ತಲೆಗಳನ್ನೆಲ್ಲ ಅದರ ಮೇಲೆ ಕೂರಿಸಿದರು, ಗಿರಾಕಿ ಇಲ್ಲದ ಹೊತ್ತಿನಲ್ಲೂ ಅವರು ಅದರಲ್ಲಿ ಕೂತದ್ದನ್ನು ನಾನು ಕಾಣೆ. ಹೋದ ವರ್ಷ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ವಾಕರ್ ಹಿಡಿದು ನಡೆಯುವಂತಾದರು. ನಡೆಯುವುದೇನೋ ನಡೆಯುತ್ತಿದ್ದರು, ಕೂತಲ್ಲಿಂದ ಏಳಲು ಮಾತ್ರ ಯಾರಾದರೊಬ್ಬರು ರಟ್ಟೆ ಹಿಡಿಯಬೇಕಿತ್ತು. ಹಾಗೆ ಹಿಡಿಸಿಕೊಂಡು ಏಳುವುದನ್ನು ಸೊಸೆ ನೋಡುವುದು ಬೇಡವೆಂದು ಅವರು ಊಟದ ಮೇಜಿಗೆ ಬರುವುದನ್ನೇ ಬಿಟ್ಟರು. ಹಸಿವಿಲ್ಲ, ಸೆಕೆ, ನಿಮ್ಮ ಮೇಜು ಎತ್ತರ ಎಂದು ದಿನಕ್ಕೊಂದು ನೆಪ. ಯಾರೂ ಹಿಡಿಯದೆ ತಾವೇ ಇಳಿಯಬಹುದಾದ ಎತ್ತರದ ಮಂಚದ ಅಂಚಿನಲ್ಲಿ ತಟ್ಟೆ ಮಡಿಲಲ್ಲಿಟ್ಟುಕೊಂಡು, ಗೋಡೆ ನೋಡುತ್ತ ಉಣ್ಣುತ್ತಿದ್ದರು. ಮೊದಮೊದಲು ಜಗಳವಾಡಿ ಕರೆದೆವು, ಆಮೇಲಾಮೇಲೆ ಸುಮ್ಮನಾದೆವು. ನನ್ನ ಮೊಣಕೈ ಎಷ್ಟು ಬಾಗಿರಬೇಕೆಂದು ನಾನು ಅಳತೆಪಟ್ಟಿ ಹಿಡಿದು ಓಡಾಡುತ್ತಿದ್ದದ್ದು ಅದೇ ದಿನಗಳಲ್ಲಿ, ಅವರ ಕೋಣೆಯ ಬಾಗಿಲ ಮುಂದೆಯೇ.

ಆ ದಿನ ನನ್ನಾಕೆ ಹೊರಗೆ ಹೋಗಿದ್ದಳು, ನಾನು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ತುರ್ತಪ್ಪನವರಿಂದ ಮಂಗಳಾರತಿ ಮಾಡಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡ ಅಪ್ಪ, ಮಗ ಹಗಲೆಲ್ಲ ಜಗಳವಾಡುವ ಆ ಕುರ್ಚಿ ಎಂಥದ್ದೆಂದು ನೋಡಲು ವಾಕರ್ ಊರಿಕೊಂಡು ಬೀರುವಿನ ಮರೆಗೆ ಬಂದಿದ್ದಾರೆ, ಗೋಡೆಗೆ ಒತ್ತಿಕೊಂಡು ನಿಂತಿದ್ದ ತಮ್ಮ ಮೇಲೆ ಕೂತಿದ್ದಾರೆ. ನಾನು ಒಳಗೆ ಬಂದಾಗ ಅವರು ಏಳುವ ಹವಣಿಕೆಯಲ್ಲಿದ್ದರು. ಒಮ್ಮೆ ಮುಂದಕ್ಕೆ ಬಾಗಿದರು, ಆಗಲಿಲ್ಲ. ಇನ್ನೊಮ್ಮೆ ಬಾಗಿದರು, ಆಗಲಿಲ್ಲ. ಆಮೇಲೆ ಅವರ ಬಲಗೈ, ಏನನ್ನೂ ಹುಡುಕದೆ, ಅಂಗಡಿಯಲ್ಲಿ ದಿನವೂ ಹೋಗುತ್ತಿದ್ದ ಹಾಗೆ ಆಸನದ ಪಕ್ಕಕ್ಕೆ ಹೋಗಿ ಹಿಡಿಯನ್ನು ಎತ್ತಿತು. ಕಾಯಿಲೆಯಲ್ಲಿ ಸೊರಗಿ ಹಗುರಾದ ಜೀವ; ಎಡಗೈಯನ್ನು ತಮ್ಮ ತೋಳಿನ ಮೇಲೆ ಊರಿ, ಕಾಲನ್ನು ನೆಲಕ್ಕೆ ಒತ್ತಿದ್ದರು. ನನ್ನನ್ನು ಮೀಟಿಂಗಿನ ತುಂಬ ಮುಳುಗಿಸಿದ ತಾವು ಅವರನ್ನು ಮೆಲ್ಲಗೆ ಎತ್ತಿದಿರಿ. ನಾನು ಫೋನು ಬಿಟ್ಟು ಓಡುವಷ್ಟರಲ್ಲಿ ಅವರು ವಾಕರ್ ಹಿಡಿದು ನಿಂತಾಗಿತ್ತು.

“ಹಿಡೀಬೇಡ. ನಾನೇ ಎದ್ದೆ” ಎಂದರು.

ಆ ರಾತ್ರಿ ಊಟಕ್ಕೆ ತಟ್ಟೆ ಒಳಗೆ ತರಬೇಡವೆಂದು ಅವರೇ ಸೊಸೆಗೆ ಹೇಳಿದರು. ತಾವು ನನಗೆ ಒಂದು ಮಾತೂ ಹೇಳದೆ ನನ್ನಾಕೆಯ ಕೈ ಹಿಡಿದು ಮೇಜಿನ ಕಡೆಗೆ ಉರುಳಿಕೊಂಡು ಹೋದಿರಿ, ಹಿಂದೆ ಅಪ್ಪ ಗತ್ತಿನಿಂದ ನಡೆದು ಬಂದರು. ಅಂದಿನಿಂದ ಮೂರು ಹೊತ್ತೂ ಅವರ ಊಟ, ಪತ್ರಿಕೆ, ಚಹಾ ಎಲ್ಲ ತಮ್ಮ ಮೇಲೆಯೇ. ಒಂದೊಂದು ಸಲ ಏಳುವ ಕೆಲಸವಿಲ್ಲದಿದ್ದರೂ ಬರೀ ತೋರಿಸಲೆಂದು ಏರುತ್ತಾರೆ, ಇಳಿಯುತ್ತಾರೆ. ನನ್ನ ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲು ಬೆಳೆದಿವೆಯೆಂದು ಅಲ್ಲಿಂದಲೇ ಟೀಕೆ ಬೇರೆ. ತರಕಾರಿ ಹೆಚ್ಚುವ ನನ್ನಾಕೆಯೂ ಅವರೂ ಏನೇನೋ ಹೇಳಿಕೊಂಡು ನಗುತ್ತಾರೆ. ನಾನು ಇಲ್ಲಿ, ಬೆಳಕು ಸರಿಯಾಗಿ ಎಡದಿಂದ ಬರುವ, ಗೋಡೆಯ ಬಣ್ಣ ಮನಸ್ಸನ್ನು ತಣ್ಣಗಿಡುವ ಕಚೇರಿಯಲ್ಲಿ, ಸ್ಟೂಲಿನ ಮೇಲೆ ಕೂತು ಯಾವ ಮಾತಿಗೆ ನಗುತ್ತಿದ್ದಾರೆಂದು ಕಿವಿಗೊಟ್ಟು ಕೇಳುತ್ತೇನೆ. ಮೀಟಿಂಗಿನಲ್ಲಿ ಈಗ ನನ್ನ ಹಣೆ ಮಾತ್ರ ಕಾಣುತ್ತದೆ. ಮೊದಲೇ ಇಳಿದಿರುವವನನ್ನು ಇನ್ನು ಇಳಿಸುವುದೇನೆಂದು ತುರ್ತಪ್ಪನವರೂ ಕೈಬಿಟ್ಟಿದ್ದಾರೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ತಾವು ವಾರಕ್ಕೊಮ್ಮೆಯಾದರೂ ಅಪ್ಪ ಮಲಗಿದ ಮೇಲೆ ತಾವಾಗಿಯೇ ಇತ್ತ ಉರುಳಿ ಬಂದು, ಈ ಸ್ಟೂಲಿಗೆ ಬೆನ್ನು ಎಂದರೇನೆಂದು ಒಂದಿಷ್ಟು ಪಾಠ ಹೇಳಿಕೊಡಬೇಕು. ಇಷ್ಟು ದಿನವಾದರೂ ಹಳೆಯ ಯಜಮಾನನ ಕಡೆ ಒಂದು ಗೇಣೂ ಉರುಳದೆ ಕಲ್ಲಿನ ಹಾಗೆ ಕೂತಿರುವುದು ತಮ್ಮ ಘನತೆಗೆ ತಕ್ಕದ್ದಲ್ಲ. ಅದಾಗದಿದ್ದರೆ, ಯಾರ ತೂಕ ಎಷ್ಟಾದರೂ ಹಿಡಿ ಎತ್ತಿದವರನ್ನು ಏರಿಸಿಯೇ ತೀರುವ ಹೊಸ ನಿಯಮವೊಂದನ್ನು ತಮ್ಮ ಕುಲದಲ್ಲಿ ಜಾರಿಗೆ ತರಬೇಕು. ಅದೂ ಆಗದಿದ್ದರೆ, ಅಪ್ಪ ಏಳುವ ಹೊತ್ತಿಗೆ ‘ಕುಯ್’ ಎನ್ನುತ್ತೀರಲ್ಲ, ಅಷ್ಟನ್ನಾದರೂ ತಪ್ಪಿಸದೆ ಅನ್ನುತ್ತಿರಬೇಕು. ಆ ಸದ್ದು ಕೇಳಿದರೆ, ಎದ್ದರು ಎಂದು ನನಗೆ ಇಲ್ಲಿ ತಿಳಿಯುತ್ತದೆ, ತಿರುಗಿ ನೋಡಬೇಕಾಗುವುದಿಲ್ಲ. ತಿರುಗಿ ನೋಡಿದರೆ ಅವರಿಗೆ ಸಿಟ್ಟು ಬರುತ್ತದೆ.

ತಮ್ಮಿಂದ ಉತ್ತರ ಬಾರದಿದ್ದರೂ ತಮ್ಮ ಕಡೆಗೇ ಕಿವಿಯಿಟ್ಟಿರುವ,
ತಮ್ಮ ವಿಶ್ವಾಸಿ,
ಸ್ಟೂಲಿನ ಮೇಲಿನವನು

ತಾ.ಕ.: ದೂರುಗಳಿಗೆ ಉತ್ತರ ಬರೆಯುವವನು ಈ ಮನೆಯಲ್ಲಿ ನಾನೊಬ್ಬನೇ ಆದ್ದರಿಂದ ತಮ್ಮ ಪರವಾಗಿ ಇದಕ್ಕೂ ನಾನೇ ಬರೆದುಬಿಡುತ್ತೇನೆ. ‘ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ಕುರ್ಚಿ ತಮ್ಮತ್ತ ಉರುಳಿ ಬರುತ್ತಿಲ್ಲವೆಂಬ ದೂರನ್ನು ಪರಿಶೀಲಿಸಲಾಗಿ, ವಯಸ್ಸಾದವರು ಏಳುವಾಗ ಜಾರಬಾರದೆಂದು ಅದರ ಐದೂ ಚಕ್ರಗಳನ್ನು ಕಳಚಿ ರಬ್ಬರಿನ ಪಾದ ತೊಡಿಸಿದವರು ತಾವೇ ಎಂದೂ, ಚಕ್ರಗಳು ತಮ್ಮ ಮೇಜಿನ ಡ್ರಾಯರಿನಲ್ಲೇ ಇವೆಯೆಂದೂ ಕಂಡುಬಂದಿದೆ. ಕುರ್ಚಿಯಲ್ಲಿ ಯಾವ ದೋಷವೂ ಇಲ್ಲ. ಊಟದ ಮೇಜಿನ ಈ ತುದಿ ಖಾಲಿಯೇ ಇದೆ. ಸ್ಟೂಲು ಎತ್ತಿಕೊಂಡು ಬರುವುದು.’