ಕಾರ್ಡ್ ಹಾಕಿಸಿಯೇ ತೀರುತ್ತೇನೆ

ಹೊಸ ವಸ್ತು ಬಂದರೆ ಎಲ್ಲರ ಮನೆಯಲ್ಲೂ ನಾಲ್ಕು ದಿನ ಗಮ್ಮತ್ತು ನಡೆದು ಆಮೇಲೆ ಎಲ್ಲಾ ತಣ್ಣಗಾಗುತ್ತದೆ. ನಮ್ಮ ಮನೆಯಲ್ಲಿ ಉಲ್ಟಾ. ಕಂಪ್ಯೂಟರ್ ಹಳೆಯದಾದಷ್ಟೂ ಅದರ ಸುತ್ತ ಒಂದಿಲ್ಲೊಂದು ಫಜೀತಿ ಹುಟ್ಟುತ್ತಲೇ ಹೋಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿದ್ದ ಕಾಲ. ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ಮನೆಯಲ್ಲಿ ನಾನು, ನನ್ನ ಹೆಂಡತಿ, ನನ್ನ ತಾಯಿ. ತಾಯಿಗೆ ಆಯಿ ಅನ್ನುವುದು ನಮ್ಮ ಮನೆತನದ ರೂಢಿ. ಹೆಂಡತಿ ಕೋಟನೂರಿನ ಶಾಲೆಯಲ್ಲಿ ಟೀಚರ್, ಮೊಪೆಡ್ ಮೇಲೆ ಹೋಗಿ ಬರುತ್ತಿದ್ದಳು. ನನ್ನದು ಬಸ್ಸು. ಹೋಗುವಾಗಲೂ ನಿಂತು, ಬರುವಾಗಲೂ ನಿಂತು. ಸೈಕಲ್ ಬಿಟ್ಟರೆ ಜನ್ಮದಲ್ಲಿ ಬೇರೆ ಗಾಡಿ ಹೊಡೆದವನಲ್ಲ. ಹೀಗಾಗಿ ಸಂಜೆ ಚಹಾ ಕುಡಿದು ಕಂಪ್ಯೂಟರಿನಲ್ಲಿ ಕಾರ್ ರೇಸಿನ ಆಟ ಹಚ್ಚಿ ಕೂತರೆ, ಇಡೀ ದಿನದಲ್ಲಿ ಅದೊಂದು ತಾಸು ಮಾತ್ರ ನಾನು ಹೇಳಿದ ಕಡೆ ಗಾಡಿ ತಿರುಗುತ್ತಿತ್ತು. ಆ ಒಂದು ತಾಸಿಗಾಗಿ ನಾನು ಹಿಡಿದ ಹಟದ ಕಥೆ ಇದು.

ಡಾಂಬರು

ನಮ್ಮ ಕಂಪ್ಯೂಟರ್ ಪ್ರಶ್ನೆಪತ್ರಿಕೆ ಟೈಪ್ ಮಾಡಲಿಕ್ಕೆ ಅಂತ ಕೊಂಡದ್ದು. ಆಟದ ಚಿತ್ರಗಳನ್ನು ಬೇಗ ಬೇಗ ತಯಾರು ಮಾಡಿ ಪರದೆಗೆ ಕಳಿಸಬೇಕಾದರೆ ಒಳಗೆ ಗ್ರಾಫಿಕ್ಸ್ ಕಾರ್ಡ್ ಅಂತ ಒಂದು ಬೇರೆ ಕಾರ್ಡು ಇರಬೇಕು. ನಮ್ಮದರಲ್ಲಿ ಅದು ಇರಲಿಲ್ಲ. ಕಂಪ್ಯೂಟರು ಕೈಲಾದಷ್ಟು ತಾನೇ ಏನೋ ಒಂದು ಬರೆದು ತೋರಿಸುತ್ತಿತ್ತು. ಕಾರು ಮೊದಲು ಬರುತ್ತಿತ್ತು, ರಸ್ತೆ ಆಮೇಲೆ ಬರುತ್ತಿತ್ತು. ಆದರೂ ನಾನು ಸೋತವನಲ್ಲ. ನಡುವೆ ಗಿಡಕ್ಕೆ ಹೊಡೆದರೂ ಕೊನೆಗೆ ಮೊದಲ ನಂಬರು ನನ್ನದೇ.

ಈ ಪರಾಕ್ರಮ ಯಾರಾದರೂ ನೋಡಲಿ ಅಂತ ನಮ್ಮ ಶಾಲೆಯ ಪಿ.ಟಿ. ಮಾಸ್ತರರನ್ನು ಮನೆಗೆ ಕರೆದೆ. ಅವರ ಮನೆಯಲ್ಲೂ ಕಂಪ್ಯೂಟರ್ ಇತ್ತು, ಅದೂ ಕಾರ್ಡ್ ಇದ್ದದ್ದು. ಅವರು ಚಹಾದ ಬಟ್ಟಲು ಹಿಡಿದು ನನ್ನ ಹಿಂದೆ ನಿಂತರು. ನನ್ನ ಕೆಂಪು ಕಾರು ಬೂದಿ ಬಣ್ಣದ ಬಯಲಿನಲ್ಲಿ ತಡವರಿಸುತ್ತ ಹೊರಟಿತು. ಎರಡು ಕಡೆ ಗಿಡಗಳು ಇನ್ನೂ ಹುಟ್ಟುವುದರಲ್ಲಿದ್ದವು.

ಪಿ.ಟಿ. ಮಾಸ್ತರರು ಬಹಳ ಹೊತ್ತು ನೋಡಿದರು. ಆಮೇಲೆ ಮೆತ್ತಗೆ ಕೇಳಿದರು: "ಸರ್, ನೀವು ಓಡಸಾಕತ್ತೀರಿ ಖರೇ. ಆದ್ರ ಗುತ್ತಿಗೆದಾರ ಇನ್ನ ರಸ್ತಾ ಮಾಡಾಕತ್ತಾನಲ್ರೀ? ಡಾಂಬರು ಹಾಕೋತನ ತಡೀಬಾರದೇನು?"

ಒಳಗಿನಿಂದ ನನ್ನ ಹೆಂಡತಿ ನಕ್ಕ ಸದ್ದು ಕೇಳಿಸಿತು. ಅವತ್ತೇ ಪಣ ತೊಟ್ಟೆ. ಕಾರ್ಡ್ ಹಾಕಿಸಿಯೇ ತೀರುತ್ತೇನೆ!

ಇದರ ಮ್ಯಾಲ ಏನು ಕೊಡ್ತಾರ?

ಪಣ ತೊಡುವುದು ಸುಲಭ. ಅದನ್ನು ಮನೆಯಲ್ಲಿ ಪಾಸು ಮಾಡಿಸಿಕೊಳ್ಳುವುದು ಕಷ್ಟ. ಊಟಕ್ಕೆ ಕೂತಾಗ ವಿಷಯ ತೆಗೆದೆ. "ಕಂಪ್ಯೂಟರಿಗೆ ಒಂದು ಕಾರ್ಡ್ ಹಾಕಸಬೇಕಂತ ಮಾಡೀನಿ."

ಹೆಂಡತಿ ಜೋಳದ ಭಕ್ರಿ ಬಡಿಯುವ ಸದ್ದು ಜೋರಾಯಿತು. ಆಯಿ ಕೇಳಿದಳು: "ರೇಷನ್ ಕಾರ್ಡ್ ಅದ, ವೋಟಿನ ಕಾರ್ಡ್ ಅದ. ಇದ್ಯಾವ ಕಾರ್ಡೋ? ಇದರ ಮ್ಯಾಲ ಏನು ಕೊಡ್ತಾರ?"

"ಇದರ ಮ್ಯಾಲ ಚಿತ್ರ ಬರ್ತದ ಆಯಿ."

"ಚಿತ್ರ ಈಗೂ ಬರ್ತದಲ್ಲ?"

"ಈಗ ಮಬ್ಬ ಬರ್ತದ. ಕಾರ್ಡ್ ಹಾಕಿದ್ರ ಸ್ವಚ್ಛ ಬರ್ತದ. ಬಣ್ಣ ಕಾಣ್ತದ, ಗಿಡದ ಎಲಿ ಎಲಿ ಕಾಣ್ತದ."

ಊಟ ಮುಗಿಸಿದ ಆಯಿ ಸೀದಾ ಕಂಪ್ಯೂಟರಿನ ಹತ್ತಿರ ಹೋದಳು. ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಪರದೆಯ ಗಾಜನ್ನು ಮೇಲಿನಿಂದ ಕೆಳಗೆ ಒಮ್ಮೆ ಒರೆಸಿದಳು. ಸೆರಗು ಕರ್ರಗಾಯಿತು. ನಾನು ಆಟ ಹಚ್ಚಿದೆ. ಸುಳ್ಳು ಯಾಕೆ ಹೇಳಲಿ, ಆಕಾಶ ನೀಲಿ ಇದೆ ಅನ್ನುವುದು ನನಗೆ ಅವತ್ತೇ ತಿಳಿದದ್ದು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಆಯ್ತಲ್ರೀ, ಕಾರ್ಡ್ ಹಾಕಿದಂಗಾಯ್ತು. ಈಗ ಬಂದು ತಾಟು ಎತ್ರಿ."

ಎಲ್ಲಾ ತೆಗೆದ ಮೇಲೆ

ನಾನು ಬಗ್ಗಲಿಲ್ಲ. ಆದರೆ ಪಿ.ಟಿ. ಮಾಸ್ತರರು ಒಂದು ಉಪಾಯ ಹೇಳಿದರು. "ಗಡಬಡಿ ಮಾಡಬ್ಯಾಡ್ರಿ ಸರ್. ಮೊದಲು ಆಟದ ಸೆಟ್ಟಿಂಗಿಗೆ ಹೋಗ್ರಿ. ಅಲ್ಲಿ ಬ್ಯಾಡಾದದ್ದೆಲ್ಲ ತೆಗೀರಿ. ಭಾರ ಕಡಿಮಿ ಆದ್ರ ಕಾರು ಜೋರು ಓಡ್ತದ. ಆಮ್ಯಾಲೂ ಬೇಕಂದ್ರ ಕಾರ್ಡಿನ ವಿಚಾರ ಮಾಡ್ರಿ."

ಮಾತು ಸರಿ ಅನಿಸಿತು. ಮನೆಗೆ ಬಂದು ಮೊದಲು ನೆರಳು ತೆಗೆದೆ. ಸ್ವಲ್ಪ ಹಗುರಾಯಿತು. ಮೋಡ ತೆಗೆದೆ, ಗಿಡ ತೆಗೆದೆ. ಇನ್ನೂ ಆಸೆ ಹುಟ್ಟಿ ಗುಡ್ಡ ತೆಗೆದೆ, ಮನೆಗಳನ್ನು ತೆಗೆದೆ. ಕೊನೆಗೆ ರಸ್ತೆಯ ಎರಡೂ ಬದಿ ನಿಂತು ಬಾವುಟ ಬೀಸುತ್ತಿದ್ದ ಪ್ರೇಕ್ಷಕರನ್ನೂ ತೆಗೆದುಬಿಟ್ಟೆ. ಉಳಿದದ್ದು ಒಂದು ಕರಿ ಪಟ್ಟಿ, ಅದರ ಮೇಲೆ ಒಂದು ಕೆಂಪು ಡಬ್ಬಿ. ಡಬ್ಬಿ ಮೊದಲಿಗಿಂತ ಚೂರು ಚುರುಕಾಗಿ ಓಡುತ್ತಿತ್ತು.

ಆಯಿಗೆ ದಿನಾ ಜಪ ಮಾಡುತ್ತ ನನ್ನ ಹಿಂದಿನ ಮಂಚದ ಮೇಲೆ ಕೂತು ಆ ಬಾವುಟದ ಮಂದಿಯನ್ನು ನೋಡುವ ರೂಢಿಯಾಗಿತ್ತು. ಅವತ್ತು ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು.

"ಮಂದಿ ಎಲ್ಲಿ ಹೋದ್ರೋ?"

"ತೆಗೆದೆ ಆಯಿ."

"ಗಿಡ?"

"ಅವೂ ತೆಗೆದೆ."

"ಗುಡ್ಡಾ, ಮನಿ?"

"ಎಲ್ಲಾ ತೆಗೆದೆ. ಈಗ ನೋಡು, ಹ್ಯಾಂಗ ಓಡ್ತದ!"

ಆಯಿ ಜಪಮಾಲೆ ಮಡಿಲಿಗೆ ಇಟ್ಟಳು. "ಊರಿಲ್ಲ, ಮಂದಿಲ್ಲ. ಇಷ್ಟು ಜೋರ್ಲೆ ಯಾರ ಮನಿಗೆ ಹೊಂಟೀಯೋ ಮಗನ?"

ಮರುದಿನ ಮೊದಲ ಕೆಲಸ, ಮಂದಿ, ಗಿಡ, ಗುಡ್ಡ ಎಲ್ಲವನ್ನೂ ವಾಪಸು ಕರೆಸಿದೆ. ಕಾರು ಮತ್ತೆ ತೆವಳತೊಡಗಿತು. ನನ್ನ ಹಟ ಇನ್ನಷ್ಟು ಗಟ್ಟಿಯಾಯಿತು.

ಹೆಡ್ ಮಾಸ್ತರರ ಕಾಳಜಿ

ಕಮಲಾಪುರದ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ನಮ್ಮಿಬ್ಬರದು ಇದೇ ಮಾತು. ಒಂದು ದಿನ ಪಿ.ಟಿ. ಮಾಸ್ತರರಿಗೆ ನಾನು ಬಹಳ ಬೇಜಾರಿನಿಂದ ಹೇಳುತ್ತಿದ್ದೆ: "ಏನು ಹೇಳ್ಲಿ ಸರ್, ನಿನ್ನೆ ಮತ್ತ ಗಿಡಕ್ಕ ಹೊಡದೆ. ಗಿಡ ಇದ್ದದ್ದೇ ಕಾಣಲಿಲ್ಲ. ಕಾರು ಉಲ್ಟಾ ಬಿದ್ದು ಹಳ್ಳಕ್ಕ ಹೋಯ್ತು." ಬಾಗಿಲ ಹೊರಗೆ ಹೆಡ್ ಮಾಸ್ತರರು ಹಾದುಹೋಗುತ್ತಿದ್ದದ್ದು ನಮಗೆ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಕರೆ ಬಂತು. ಹೋದೆ. ಅವರು ಕುರ್ಚಿ ತೋರಿಸಿದರು, ನೀರು ತರಿಸಿದರು, ನನ್ನ ಕೈಕಾಲು ದಿಟ್ಟಿಸಿ ನೋಡಿದರು.

"ನಿಮಗೇನು ಪೆಟ್ಟಾಗಿಲ್ಲಲ್ರೀ?"

"ಇಲ್ಲ ಸರ್, ನನಗೇನು ಪೆಟ್ಟು?"

"ಕಾರಿಗೆ?"

ಆಟದ ಸುದ್ದಿ ಇವರಿಗೂ ಮುಟ್ಟಿದೆ, ಇವರೂ ನಮ್ಮ ಪೈಕಿಯೇ ಎಂದು ನನಗೆ ಖುಷಿಯಾಯಿತು. "ಕಾರಿಂದೇನದ ಸರ್, ಹಳ್ಳಕ್ಕ ಬಿದ್ರ ಬೀಳಲಿ. ಮತ್ತೊಂದು ತಗೊಂಡ್ರಾಯ್ತು. ನಿನ್ನೆ ಸಂಜೀಗೇ ಹಸಿರದು ತಗೊಂಡೆ."

ಹೆಡ್ ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ದನಿ ತಗ್ಗಿಸಿ ಹೇಳಿದರು: "ನೋಡ್ರಿ, ನಾನೂ ಸರ್ಕಾರಿ ನೌಕರ, ನೀವೂ ಸರ್ಕಾರಿ ನೌಕರ. ನೀವು ಮನ್ಯಾಗ ಟ್ಯೂಷನ್ ಹೇಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಇತಿಹಾಸದ ಟ್ಯೂಷನ್ನಿಗೆ ಕಾರಿನ ಮ್ಯಾಲ ಕಾರು ಕೊಳ್ಳೋವಷ್ಟು ಮಂದಿ ಬರ್ತಾರಂದ್ರ... ನನ್ನದು ಭೂಗೋಳ ಅದ, ಅದಕ್ಕೇನಾದ್ರೂ ಗಿರಾಕಿ ಸಿಗ್ತಾರೇನು ನೋಡ್ರಿ!"

ಸೂಪರ್ ಮಾರ್ಕೆಟಿನಲ್ಲಿ ತೀರ್ಮಾನ

ಕಡೆಗೆ ಒಂದು ಶನಿವಾರ ಮಧ್ಯಾಹ್ನ, ಕಂಪ್ಯೂಟರಿನ ಡಬ್ಬವನ್ನು ಚಾದರದಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯ ಮೊಪೆಡ್ಡಿನ ಹಿಂದೆ ಕೂತೆ. ಆಕೆ ಬಂದದ್ದು ನನಗೆ ಬೆಂಬಲ ಕೊಡಲಿಕ್ಕಲ್ಲ. ಕಂಪ್ಯೂಟರ್ ಅಂಗಡಿಯವನ ಬಾಯಿಂದಲೇ ಬೇಡ ಅನ್ನಿಸಿ ವಾಪಸು ಕರೆತರುವುದು ಆಕೆಯ ಲೆಕ್ಕ. ಸೂಪರ್ ಮಾರ್ಕೆಟ್ ಅನ್ನುವ ನಮ್ಮೂರ ಪೇಟೆಯ ಆಟೋಗಳ ನಡುವೆ ಆಕೆ ಸೂಜಿಯಲ್ಲಿ ದಾರ ಪೋಣಿಸಿದ ಹಾಗೆ ನುಗ್ಗುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಅಂಗಡಿಯ ಭಾಯಿ ಡಬ್ಬ ಬಿಚ್ಚಿದ, ಊದಿದ. ಎದ್ದ ಧೂಳಿಗೆ ಮೂವರೂ ಸೀನಿದೆವು.

"ಸರ್, ಕಾರ್ಡ್ ಹಾಕಬಹುದು. ಲೇಕಿನ್ ಈ ಪವರ್ ಸಪ್ಲೈ ಅದಕ್ಕ ಸಾಲಂಗಿಲ್ಲ, ಅದೂ ಬದಲಿ ಮಾಡಬೇಕು. ಅದು ಹಾಕಿದ್ರ ಒಳಗ ಗರಂ ಆಗ್ತದ, ಒಂದು ಫ್ಯಾನ್ ಕೂಡಸಬೇಕು. ಫ್ಯಾನ್ ಕೂಡಸಾಕ ಈ ಡಬ್ಬದಾಗ ಜಾಗಾ ಇಲ್ಲ, ಡಬ್ಬಾ ಬದಲಿ ಮಾಡಬೇಕು."

"ಡಬ್ಬಾ ಇಡಾಕ ಮನ್ಯಾಗ ಜಾಗಾ ಇಲ್ಲ. ಮನೀನೂ ಬದಲಿ ಮಾಡೋಣೇನ್ರಿ?" ಅಂದಳು ನನ್ನ ಹೆಂಡತಿ.

ಭಾಯಿ ನಕ್ಕ. ಇನ್ನು ಗಿರಾಕಿ ಕೈ ಬಿಟ್ಟಿತು ಅಂದುಕೊಂಡನೋ ಏನೋ, ಡಬ್ಬ ಮುಚ್ಚತೊಡಗಿದ. "ಮೇಡಂ ಹೇಳೋದು ಬರಾಬರ್ ಅದ. ಛೋಡೋ ಸರ್, ನಿಮ್ಮ ವಯಸ್ಸಿಗೆ ಯಾಕ ಇದು? ಹುಡುಗರ ಆಟ ಅದು. ನಿಮ್ಮ ಕೈಲೆ ಆಗಂಗಿಲ್ಲ."

ನನಗೆ ಸಿಟ್ಟು ಬರುವ ಮೊದಲೇ ನನ್ನ ಹೆಂಡತಿಗೆ ಬಂತು. ಆಕೆ ಪರ್ಸನ್ನು ಟೇಬಲ್ಲಿನ ಮೇಲೆ ಕುಕ್ಕಿದಳು.

"ಯಾಕ ಆಗಂಗಿಲ್ಲ? ಇವರು ದಿನಾ ಫಸ್ಟ್ ಬರ್ತಾರ, ಗೊತ್ತದೇನು ನಿಮಗ? ಇವರ ಕೈಲೆ ಆಗಂಗಿಲ್ಲ ಅಂತ ಮನ್ಯಾಗ ನಾ ಅನ್ನಬೇಕು. ನೀವ್ಯಾರ್ರೀ ಅನ್ನಾಕ? ಹಾಕ್ರಿ ಕಾರ್ಡ್! ಫ್ಯಾನೂ ಹಾಕ್ರಿ! ಡಬ್ಬಾನೂ ಬದಲಿ ಮಾಡ್ರಿ!"

ಎಷ್ಟೋ ತಿಂಗಳಿಂದ ನನ್ನ ಕೈಯಲ್ಲಿ ಆಗದ ತೀರ್ಮಾನ ಒಂದು ಗಳಿಗೆಯಲ್ಲಿ ಆಗಿಹೋಯಿತು. ಹೊರಗೆ ಬಂದು ಮೊಪೆಡ್ ಚಾಲೂ ಮಾಡುವಾಗ ಆಕೆಗೆ ಎಚ್ಚರಾದ ಹಾಗೆ ಕಂಡಿತು. "ರೀ, ನಾವು ಬ್ಯಾಡ ಅನ್ನಾಕ ಬಂದಿದ್ವಿ ಅಲ್ಲೇನ್ರಿ?"

ಡ್ರೈವರ್

ಮರುದಿನ ಆಯಿತವಾರ ಪಿ.ಟಿ. ಮಾಸ್ತರರನ್ನು ಕರೆಸಿದೆ. ಡಾಂಬರಿನ ಮಾತು ಆಡಿದವರು ಅವರು, ಅವರೆದುರೇ ಗೆಲ್ಲಬೇಕಾಗಿತ್ತು. ಅವರು ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. ಆಯಿ ಮಂಚದ ಮೇಲೆ, ಮಾಸ್ತರರು ಕುರ್ಚಿಯ ಮೇಲೆ, ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ. ನಾನು ಆಟ ಹಚ್ಚಿದೆ.

ಎಂಥಾ ಚಿತ್ರ ಅದು! ರಸ್ತೆ ಫಳಫಳ, ಗಿಡದ ಎಲೆ ಎಲೆ ಬೇರೆ, ಬದಿಗೆ ಸಮುದ್ರ. ಬಾವುಟದ ಮಂದಿಗೆ ಕಣ್ಣು ಮೂಗು ಮೂಡಿದ್ದವು. "ಅಯ್ಯ, ಇವರಿಗೆ ಮುಖ ಇತ್ತೇನು!" ಅಂದಳು ಆಯಿ.

ಹಸಿರು ದೀಪ ಬಿತ್ತು. ಗುಂಡಿ ಒತ್ತಿದೆ. ಕಾರು ಬಾಣದ ಹಾಗೆ ಹೋಗಿ ಮೊದಲ ತಿರುವಿನಲ್ಲಿ ಬೇಲಿ ಮುರಿದು ಸಮುದ್ರಕ್ಕೆ ಬಿತ್ತು. ಮತ್ತೆ ಹಚ್ಚಿದೆ. ಮತ್ತೆ ಸಮುದ್ರ. ಇನ್ನೊಮ್ಮೆ ಹಲ್ಲು ಕಚ್ಚಿ ಹಚ್ಚಿದೆ. ಈ ಸಲ ಬಾವುಟದ ಮಂದಿಯ ತಲೆ ಮೇಲಿಂದ ಹಾರಿ ಸಮುದ್ರ.

ಪಿ.ಟಿ. ಮಾಸ್ತರರು ಬಾಳೆಹಣ್ಣು ಸುಲಿಯುತ್ತ, "ಸಮುದ್ರ ಮಾತ್ರ ಭಾಳ ಛಂದ ಕಾಣಾಕತ್ತದ್ರಿ ಸರ್" ಅಂದರು.

ಆದದ್ದಿಷ್ಟು. ಹಳೆಯ ಯಂತ್ರದಲ್ಲಿ ನಾನೂ ತೆವಳುತ್ತಿದ್ದೆ, ಎದುರಿನ ಕಾರುಗಳೂ ತೆವಳುತ್ತಿದ್ದವು. ತಿರುವು ಬರುವುದರೊಳಗೆ ಒಂದು ಗುಟುಕು ಚಹಾ ಕುಡಿಯುವಷ್ಟು ಪುರುಸೊತ್ತು ಇರುತ್ತಿತ್ತು. ಈಗ ಆಟ ತನ್ನ ಖರೇ ವೇಗದಲ್ಲಿ ಓಡುತ್ತಿತ್ತು. ಆದರೆ ಮಂದಿಯೆದುರು ಅದನ್ನು ಒಪ್ಪಿಕೊಳ್ಳುವ ಗಂಡಸು ಯಾರಿದ್ದಾನೆ? ಏನಿದ್ದರೂ ಕಾರ್ಡಿನದೇ ತಪ್ಪು ಎಂದು ಅಲ್ಲೇ ಇದ್ದ ಫೋನ್ ಎತ್ತಿ ಅಂಗಡಿಗೆ ಹಚ್ಚಿದೆ.

"ಭಾಯಿ, ನಿಮ್ಮ ಕಾರ್ಡ್ ಖರಾಬ್ ಅದ. ಕಾರು ಕೈಯಾಗ ನಿಲ್ಲವಲ್ದು!"

"ಪಿಕ್ಚರ್ ಬರಾಕತ್ತದಲ್ರೀ ಸರ್?" ಅಂದ ಆತ.

"ಭಾಳ ಛಲೋ ಬರಾಕತ್ತದ."

"ಮತ್ತ ಕಾರ್ಡ್ ಫಸ್ಟ್ ಕ್ಲಾಸ್ ಅದ. ತಕ್ಲೀಫ್ ಇರೋದು ಡ್ರೈವರಿಂದು ಸರ್. ಡ್ರೈವರ್ ಹಳೇದದ, ಅದನ್ನ ಬದಲಿ ಮಾಡ್ರಿ."

ಕಾರ್ಡನ್ನು ನಡೆಸಲಿಕ್ಕೆ ಸಿ.ಡಿ.ಯಿಂದ ಹಾಕುವ ಸಾಫ್ಟ್‌ವೇರಿಗೆ ಅವರ ಭಾಷೆಯಲ್ಲಿ ಡ್ರೈವರ್ ಅನ್ನುತ್ತಾರೆ. ಅದು ನನಗೂ ಗೊತ್ತು, ಪಿ.ಟಿ. ಮಾಸ್ತರರಿಗೂ ಗೊತ್ತು. ಆದರೆ ಫೋನಿನಲ್ಲಿ ಗರಗರ ಸದ್ದು ಇದ್ದದ್ದರಿಂದ, ಸರಿಯಾಗಿ ಕೇಳಿದೆನೋ ಇಲ್ಲವೋ ಎಂದು ನಾನು ಇಡೀ ಮನೆಗೆ ಕೇಳುವ ಹಾಗೆ ಕೂಗಿದೆ: "ಏನಂದ್ರಿ? ಕಾರ್ಡ್ ಛಲೋ ಅದ, ಡ್ರೈವರ್ ಹಳೇದಾಗ್ಯದ? ಬದಲಿ ಮಾಡಬೇಕಾ?"

ಪಿ.ಟಿ. ಮಾಸ್ತರರ ಬಾಳೆಹಣ್ಣು ಬಾಯಿಗೆ ಹೋಗುವುದು ಅರ್ಧಕ್ಕೇ ನಿಂತಿತು. ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಕುರ್ಚಿಯ ಪಕ್ಕ ನಿಂತಳು.

"ಏಳ್ರಿ."

ಎದ್ದೆ. ಆಕೆ ಕೂತಳು. ಯಾವ ಗುಂಡಿ ಎಡಕ್ಕೆ, ಯಾವುದು ಬಲಕ್ಕೆ ಎಂದು ಒಮ್ಮೆ ಕೇಳಿಕೊಂಡು ಗಾಡಿ ಬಿಟ್ಟಳು. ಮೊದಲ ತಿರುವು ತಿರುಗಿತು. ಎರಡನೆಯದೂ ತಿರುಗಿತು. ಸಮುದ್ರ ತನ್ನ ಪಾಡಿಗೆ ತಾನು ಉಳಿಯಿತು. ಎರಡು ಕಾರುಗಳ ನಡುವೆ ಸಂದಿ ಮಾಡಿಕೊಂಡು ನುಗ್ಗಿ, ಗೆರೆ ದಾಟಿ ನಿಂತಾಗ ಬಾವುಟದ ಮಂದಿ ಕುಣಿಯುತ್ತಿದ್ದರು. ಪಿ.ಟಿ. ಮಾಸ್ತರರು ಚಪ್ಪಾಳೆ ಹೊಡೆಯುತ್ತಿದ್ದರು. ನಾನು ಫೋನ್ ಹಿಡಿದುಕೊಂಡೇ ನಿಂತಿದ್ದೆ. ಆ ಕಡೆಯಿಂದ ಭಾಯಿ "ಹಲೋ ಸರ್, ಹಲೋ ಸರ್" ಅನ್ನುತ್ತಿದ್ದ.

ಆಯಿ ಎರಡೂ ಕೈ ಎತ್ತಿ ಗಾಳಿಯಲ್ಲೇ ಯಾರಿಗೋ ನಮಸ್ಕಾರ ಮಾಡಿದಳು.

"ಭಾಳ ಶಾಣ್ಯಾ ಇದ್ದಾನೋ ಆ ಅಂಗಡಿಯಾಂವ. ನಮ್ಮ ಮನಿಗೆ ಒಮ್ಮೆನೂ ಬರಲಾರದ, ಅಲ್ಲೇ ಕೂತು ರೋಗ ಯಾವದಂತ ಗುರ್ತ ಹಿಡದ!"