ಹದಿನಾರರ ಮಗ್ಗಿಯ ಖಾಲಿ ಸೀಟು

ಎಲ್ಲ ರಗಳೆಗೂ ಮೂಲ ಆ ಖಾಲಿ ಜಾಗ. ಲಿಡ್ವಿನ್ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕೇಳಿದ್ದಕ್ಕೆಲ್ಲ ವಿವರಿಸುವ ಚಟ ಅವನಿಗೆ.

೧೯೮೭ನೇ ಇಸವಿ. ಉಡುಪಿಯ ‘ಕಡಲತಡಿ ಮೋಟಾರ್ಸ್’ ಬಸ್ ಕಂಪೆನಿಗೆ ಕಂಪ್ಯೂಟರ್ ಬಂದು ಮೂರು ತಿಂಗಳು; ಲಿಡ್ವಿನ್‌ನ ತಾತ್ಕಾಲಿಕ ಕೆಲಸಕ್ಕೂ ಅಷ್ಟೇ ವಯಸ್ಸು. ಅಂದು ಸಂಜೆ ನಾಲ್ಕಕ್ಕೆ ಕಂಪೆನಿಯ ಧನಿ ದೂಮಪ್ಪನವರು ಅವನು ಬರೆದ ವೇಳಾಪಟ್ಟಿಯ ಪ್ರೋಗ್ರಾಮ್ ನೋಡಲು ಬರುವವರಿದ್ದರು. ಮೆಚ್ಚಿದರೆ ಕೆಲಸ ಕಾಯಂ. ಕಾಯಂ ಆದರೆ ಮಾತ್ರ ಮಗಳನ್ನು ಕೊಡುವುದೆಂದು ಅವನು ಮೆಚ್ಚಿದ ಜೆಸ್ಸಿಯ ಅಪ್ಪ ಹೇಳಿಬಿಟ್ಟಿದ್ದ.

ಕಂಪ್ಯೂಟರಿನ ಮೆಮೊರಿಯಲ್ಲಿ ಯಾವ ಊರಿನ ಬಸ್ಸಿನ ಪಟ್ಟಿ ಎಲ್ಲಿ ಕುಳಿತಿದೆ ಎಂದು ಬೆಳಿಗ್ಗೆ ಲಿಡ್ವಿನ್ ಪ್ರಿಂಟ್ ತೆಗೆದ. ಮ್ಯಾನೇಜರ್ ಧರ್ಮಪಾಲ ಬಂದು ಇಣುಕಿದ.

“ಇದೆಂತ ಮಾರಾಯ, ಕಾರ್ಕಳ ಮುಗಿದ ಮೇಲೆ ಇಷ್ಟು ಖಾಲಿ?”

“ಧರ್ಮಪಾಲಣ್ಣ, ಪ್ರತಿ ಪಟ್ಟಿಯೂ ಹದಿನಾರರ ಮಗ್ಗಿಯಲ್ಲಿ ಬರುವ ನಂಬರಿನಿಂದಲೇ ಶುರುವಾಗಬೇಕು. ಇಲ್ಲದಿದ್ದರೆ ಮೆಷಿನಿಗೆ ಸಿಗುವುದಿಲ್ಲ. ತುಂಡುಗಳನ್ನು ಜೋಡಿಸುವ ಲಿಂಕರ್ ಅಂತ ಉಂಟು, ಅದಕ್ಕೆ ಹಾಗೆ ಆರ್ಡರ್ ಕೊಟ್ಟಿದ್ದೇನೆ. ಮುಂದಿನ ನಂಬರಿಗಿಂತ ಮೊದಲೇ ಪಟ್ಟಿ ಮುಗಿದರೆ ಮಿಕ್ಕದ್ದು ಖಾಲಿ.”

“ಖಾಲಿ ಸೀಟು ಇಟ್ಟುಕೊಂಡು ಬಸ್ಸು ಹೊರಡಿಸುವುದಾ? ನಮ್ಮ ಕಂಪೆನಿಯಲ್ಲಿ? ನನ್ನ ಹೆಸರು ಹಾಕು ಅಲ್ಲಿ!”

ಕೇಳಿದ್ದೇ ತಡ, ಟೈಪಿಸ್ಟ್ ಕುಶಲಾ ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದವಳ ಹಾಗೆ ಕಾಪು ಪಟ್ಟಿಯ ಕೆಳಗೆ ಬೆರಳಿಟ್ಟಳು. ಡ್ರೈವರ್ ಮ್ಯಾಕ್ಸಿಮ್ ಮಣಿಪಾಲದ್ದನ್ನು ಹಿಡಿದ. ಬೆಳ್ಮಣ್ ಪಟ್ಟಿ ಸರಿಯಾಗಿ ಹದಿನಾರಕ್ಕೇ ಮುಗಿದಿತ್ತು, ಅಲ್ಲಿ ಸೂಜಿ ಊರಲೂ ಜಾಗವಿಲ್ಲ. ಇಲ್ಲ ಎನ್ನಲು ಬಾರದ ಲಿಡ್ವಿನ್ ಮೂವರ ಹೆಸರನ್ನೂ ತುಂಬಿಸಿದ.

ಅವನು ಊಟಕ್ಕೆ ಹೋದಾಗ ಕುಶಲಾ ತನ್ನ ಹೆಸರಿಗೆ ಬಿ.ಕಾಂ. ಸೇರಿಸಲು ಕುಳಿತಳು. ಹದಿನಾರರ ಆರ್ಡರ್ ಕಣ್ಣಿಗೆ ಬಿತ್ತು. ದಂಡಕ್ಕೆ ಇರುವ ಸಾಲು ಎಂದು ಅಳಿಸಿಯೇಬಿಟ್ಟಳು. ಮೂರೂವರೆಗೆ ಲಿಡ್ವಿನ್ ಪ್ರೋಗ್ರಾಮ್ ಓಡಿಸಿ ನೋಡಿದರೆ ಪಟ್ಟಿಗಳೆಲ್ಲ ಜರುಗಿ, ಕಾಪುವಿನ ಬಸ್ಸು ಗಂಟೆ ಐವತ್ತೇಳಕ್ಕೆ ಹೊರಟಿತ್ತು!

“ಅಯ್ಯೋ ದೇವರೇ! ಕುಶಲಕ್ಕ, ಎಂತ ಮಾಡಿದ್ದು ನೀವು?”

“ಎಂತದೂ ಇಲ್ಲಪ್ಪ, ಒಂದು ಸಾಲು ತೆಗೆದೆ ಅಷ್ಟೆ. ಅದಕ್ಕೆ ಇಷ್ಟು ಬೊಬ್ಬೆಯಾ?”

ಬೆವರು ಒರೆಸಿಕೊಳ್ಳುತ್ತ ಲಿಡ್ವಿನ್ ಆ ಸಾಲನ್ನು ಪುನಃ ಬರೆದ, ಬಿ.ಕಾಂ. ಕಿತ್ತು ಹಾಕಿದ, ಎಲ್ಲವನ್ನೂ ಮತ್ತೆ ಜೋಡಿಸಿದ. ಅಷ್ಟರಲ್ಲಿ ಧನಿಗಳ ಕಾರು ಬಂದೇಬಿಟ್ಟಿತು. ಪರದೆಯ ಮೇಲೆ ಬಸ್ಸುಗಳು ಒಂದು ನಿಮಿಷ ತಪ್ಪದೆ ಹೊರಟವು. ಲಿಡ್ವಿನ್‌ನ ಕಣ್ಣ ಮುಂದೆ ಜೆಸ್ಸಿ ಬಂದು ನಿಂತಳು.

“ಭೇಷ್!” ಎಂದರು ದೂಮಪ್ಪನವರು. “ಇದರದ್ದೊಂದು ಕಾಗದ ಕೊಡಿ, ಫೈಲಿಗೆ ಬೇಕು.”

ಹೊಸ ಪ್ರಿಂಟನ್ನು ಮೇಲಿಂದ ಕೆಳಗೆ ಓದಿದರು. “ಧರ್ಮಪಾಲ... ಕುಶಲಾ... ಮ್ಯಾಕ್ಸಿಮ್! ಓಹೋ, ಮಾಡಿದವರು ಇವರಾ? ಡ್ರೈವರಿಗೂ ಕಂಪ್ಯೂಟರ್ ಬರುತ್ತದಾ! ಮೂವರಿಗೂ ಬಡ್ತಿ. ಲಿಡ್ವಿನ್, ಇದರಲ್ಲಿ ನಿನ್ನ ಹೆಸರೇ ಇಲ್ಲವಲ್ಲ?”

ಲಿಡ್ವಿನ್ ಬಾಯಿ ತೆರೆಯುವ ಮೊದಲೇ ಧರ್ಮಪಾಲ ಕೆಮ್ಮಿದ. “ಪಾಪ, ಅವನೂ ಸ್ವಲ್ಪ ಸಹಾಯ ಮಾಡಿದ್ದಾನೆ ಧನಿಗಳೇ.”

“ಹಾಗಾದರೆ ಇನ್ನೊಂದು ಮೂರು ತಿಂಗಳು ತಾತ್ಕಾಲಿಕವಾಗಿಯೇ ಇರಲಿ. ನಿಮ್ಮಿಂದ ಕಲಿಯಲಿ.”

ಕಾರು ಗೇಟು ದಾಟಿತು. ಲಿಡ್ವಿನ್ ತಲೆಯ ಮೇಲೆ ಕೈಹೊತ್ತು ಕುಳಿತ. ಮ್ಯಾಕ್ಸಿಮ್ ಮೆಲ್ಲಗೆ ಬಂದು ಹೆಗಲು ಮುಟ್ಟಿದ.

“ಬೇಜಾರು ಮಾಡಬೇಡ, ನಾವೆಲ್ಲ ಇದ್ದೇವಲ್ಲ, ಕಲಿಸುವ. ಈಗ ಈ ಮೆಷಿನ್ ಬಂದ್ ಮಾಡುವುದು ಎಲ್ಲಿ ಮಾರಾಯ?”